ಹೆಜ್ಜೆ ಸೂರಕ್ಕನ ದೊಣೆ

ಬಲು ಹಿಂದಿನ ಮಾತು ಇದು. ಆಗ ಈ ಗುಡ್ಡಗಳ ಕಡೆ ಬಂಡಿಜಾಡು ಕೂಡ ಇರಲಿಲ್ಲ. ಜಿಂಕೆ ತುಳಿದದ್ದೇ ದಾರಿ, ಆ ದಾರಿ ಮುಗಿದ ಕಡೆ ಒಂದು ಊರು. ಕಾರೆಹಟ್ಟಿ ಅಂತ ಅದರ ಹೆಸರು. ಎತ್ತ ನೋಡಿದರೂ ಬಂಡೆ, ಬಂಡೆಯ ಮೇಲೆ ಬಂಡೆ, ಸಂದಿನಲ್ಲಿ ಕಾರೆ, ಜಾಲಿ, ತಂಗಡಿ. ಹಳ್ಳ ಅಂದರೆ ಬರೀ ಮರಳು. ಮಳೆ ಅಂದರೆ ದಾರಿ ತಪ್ಪಿ ಬಂದ ನೆಂಟ, ಬಂದ ಕಾಲಲ್ಲೇ ಹೊರಟುಬಿಡೋದು. ಇಂಥ ಕಡೆ ನಲವತ್ತು ಮನೆ ಬೇಡರು ಆಡು ಸಾಕಿಕೊಂಡು, ಬೇಟೆ ಆಡಿಕೊಂಡು, ಒಂದೇ ಒಂದು ಬಾವಿಯ ಒಗರು ನೀರು ಕುಡಿದುಕೊಂಡು ಬದುಕಿದ್ದರಂತೆ.

ಆ ಊರಿಗೆ ಸೊಸೆಯಾಗಿ ಬಂದವಳು ಸೂರಕ್ಕ. ಅವಳಿಗೆ ಹೆಜ್ಜೆ ಓದೋದು ಬರುತ್ತಿತ್ತು ಅಂತಾರೆ. ಒಂದು ಗೊರಸಿನ ಗುರುತು ನೋಡಿ, ಆ ಜಿಂಕೆ ಗಂಡೋ ಹೆಣ್ಣೋ, ಹಸಿದಿತ್ತೋ ಹೊಟ್ಟೆ ತುಂಬಿತ್ತೋ, ಯಾವ ಕಾಲಿಗೆ ಮುಳ್ಳು ಚುಚ್ಚಿತ್ತು, ಎಲ್ಲಾ ಹೇಳುತ್ತಿದ್ದಳಂತೆ. ಇರುವೆ ಸಾಲು ನೋಡಿ ಮಳೆ ಯಾವಾಗ ಅಂತ ಹೇಳುತ್ತಿದ್ದಳು ಅಂತಲೂ ಕೆಲವರು ಹೇಳುತ್ತಾರೆ. ಅದು ಎಷ್ಟು ನಿಜವೋ ನಮಗೆ ಗೊತ್ತಿಲ್ಲ. ಆದರೆ ಇದು ನಿಜ. ಒಮ್ಮೆ ಒಂದು ಮನೆಯ ಸೊಸೆ ಹೇಳದೆ ಕೇಳದೆ ಹೊರಟುಹೋದಾಗ, ಮುನಿಸಿಕೊಂಡು ಹೋದವಳು ತಾನೇ ಬರುತ್ತಾಳೆ ಬಿಡಿ ಅಂತ ಮನೆಯವರು ಕೂತಿದ್ದರು. ಸೂರಕ್ಕ ಅವಳ ಹೆಜ್ಜೆ ನೋಡಿ, ಇದು ಸಿಟ್ಟಿನಲ್ಲಿ ಇಟ್ಟ ಹೆಜ್ಜೆಯಲ್ಲ, ಅಳುತ್ತಾ ಇಟ್ಟ ಹೆಜ್ಜೆ, ಬೇಗ ಹೋಗಿ ಅಂದಳು. ಹೋದವರು ಆ ಹೆಣ್ಣುಮಗಳನ್ನು ಕೊರಕಲಿನ ಅಂಚಿನಿಂದ ಕೈ ಹಿಡಿದು ಕರೆತಂದರು. ಅವತ್ತಿನಿಂದ ಅವಳು ಹೆಜ್ಜೆ ಸೂರಕ್ಕ ಆದಳು.

ಅವಳ ಗಂಡ ಬೋಸಯ್ಯ. ಸೋದರಮಾವನ ಮಗ, ಹಾಗಾಗಿ ಮದುವೆಯಾದ ಮೇಲೂ ಅವಳು ಮಾವ ಅಂತಲೇ ಕರೆಯುತ್ತಿದ್ದಳು. ಹಟ್ಟಿಯಲ್ಲಿ ಅವನಂಥ ಬಿಲ್ಲುಗಾರ ಇರಲಿಲ್ಲ. ತನ್ನ ಬಾಣ ತಾನೇ ಮಾಡುತ್ತಿದ್ದ, ನೆಟ್ಟದ್ದು ಕಿತ್ತುಬಾರದಂತೆ ಅಲಗಿಗೆ ಹಿಂದುಮುಳ್ಳು ತಾನೇ ತಟ್ಟುತ್ತಿದ್ದ. ಆದರೆ ನೆಲದ ಓದು ಅವನಿಗೆ ಒಂದಕ್ಷರ ಬಾರದು. ಅವಳು ಓದಬೇಕು, ಇವನು ಹೊಡೆಯಬೇಕು. ಹಾಲೂಡೋ ಹೆಣ್ಣು, ಗಬ್ಬದ ಹೆಣ್ಣು ಅಂತ ಅವಳು ಹೇಳಿದರೆ ಬಿಲ್ಲು ಏಳುತ್ತಿರಲಿಲ್ಲ. ಹಾಗೆ ಐದು ವರ್ಷ ನಡೆದಿತ್ತು. ಆ ಐದು ವರ್ಷದಲ್ಲಿ ಒಂದು ಕೂಸು ಹುಟ್ಟಿ, ಹನ್ನೊಂದು ದಿನ ಇದ್ದು, ಹೋಗಿತ್ತು. ಅದಾದ ಮೇಲೆ ಇಬ್ಬರ ನಡುವೆ ಮಾತು ಕಡಿಮೆಯಾಗಿತ್ತು ಅಂತಾರೆ. ಜಗಳವಿಲ್ಲ, ಮಾತೂ ಇಲ್ಲ.

ಒಂದು ವರ್ಷ ಯುಗಾದಿಯ ಮಾರನೆ ದಿನ ಹಟ್ಟಿಗೆ ಹಟ್ಟಿಯೇ ಬೇಟೆಗೆ ಹೊರಟಿತು. ಅದರ ಹಿಂದಿನ ಎರಡು ಬೇಟೆ ಬರಿಗೈ ಆಗಿತ್ತು. ಊರ ಯಜಮಾನ ಕಾಟಯ್ಯ ದಾರಿಯುದ್ದಕ್ಕೂ ಬೋಸಯ್ಯನನ್ನು ಕೆಣಕುತ್ತಲೇ ಬಂದ. ಹೆಂಡತಿ ಅಪ್ಪಣೆ ಕೊಡದೆ ನಿನ್ನ ಕೈ ಏಳೋದಿಲ್ಲವಂತೆ, ಹೌದೇನೋ ಅಂದ. ಉಳಿದವರು ನಕ್ಕರು. ಬೋಸಯ್ಯ ನಗಲಿಲ್ಲ.

ಹೊತ್ತು ಇಳಿಯೋ ವೇಳೆಗೆ ಕೊರಕಲಿನಲ್ಲಿ ಸುಂಟರಗಾಳಿ ಎದ್ದಿತು. ಧೂಳಿನ ನಡುವೆ ಒಂದು ಜಿಂಕೆಯ ಬೆನ್ನು ಕಂಡಿತು. ಸೂರಕ್ಕ ಇನ್ನೂ ಹಿಂದೆ, ಬಗ್ಗಿ ನೆಲ ನೋಡುತ್ತಿದ್ದಳು. ಬೋಸಯ್ಯ ಅವಳ ಮಾತಿಗೆ ಕಾಯಲಿಲ್ಲ. ಬಾಣ ಬಿಟ್ಟ. ಅದು ಜಿಂಕೆಯ ತೊಡೆಗೆ ನೆಟ್ಟಿತು, ಜಿಂಕೆ ನೆಟ್ಟ ಬಾಣದ ಸಮೇತ ಗುಡ್ಡ ಹತ್ತಿ ಮರೆಯಾಯಿತು.

ಸೂರಕ್ಕ ಬಂದು ಮಂಡಿಯೂರಿ ನೋಡಿದಳು. ಧೂಳಿನಲ್ಲಿ ಕೆಂಪು ಹನಿ ಬಿದ್ದಿತ್ತು. ಕೆಂಪು ಹನಿಯ ಪಕ್ಕ ಬಿಳಿ ಹನಿ. ಅವಳು ಆ ಬಿಳಿ ಹನಿಯನ್ನು ಬೆರಳಿನಿಂದ ಮುಟ್ಟಿದಳು. ಗಂಡಸರೆಲ್ಲ ಬಗ್ಗಿ ನೋಡಿದರು. ಹಾಲು ಅಂತ ಎಲ್ಲರಿಗೂ ಗೊತ್ತಾಯಿತು.

ಕಾಟಯ್ಯನೇ ಮೊದಲು ಬಾಯಿಬಿಟ್ಟ. ಮುಂದೆ ಇರೋದು ಉರಿಗಲ್ಲು ಗುಡ್ಡ, ಅಲ್ಲಿ ತೊಟ್ಟು ನೀರಿಲ್ಲ, ಹೋದವರು ಬಂದಿಲ್ಲ, ಬಿಟ್ಟುಬಿಡಿ, ಹೇಗೂ ತೋಳಗಳು ಮುಗಿಸುತ್ತವೆ ಅಂದ. ಸೂರಕ್ಕ ಎದ್ದು ಬೋಸಯ್ಯನ ಹೆಗಲಿನ ಸೋರೆಬುರುಡೆ ಬಿಚ್ಚಿಕೊಂಡಳು. ಅದರಲ್ಲಿ ಅರ್ಧ ನೀರಿತ್ತು.

ಬೋಸಯ್ಯ ಅವಳ ತೋಳು ಹಿಡಿದ. "ಎಲ್ಲಿಗೆ ಹೊಂಟೆ ಸೂರೀ?"

"ಬಾಣ ನಿಂದು ಮಾವ. ಅದ್ರ ಹಿಂದೆ ಹೋಗೋ ಕಾಲಾದ್ರೂ ನಂದಿರ್ಲಿ ಬಿಡು," ಅಂದಳು. ಅಂದು, ಹೊರಟುಹೋದಳು.

ನಾಲ್ಕು ಜನರ ಮುಂದೆ ಹೆಂಡತಿ ಹಾಗಂದಳಲ್ಲ ಅಂತ ಬೋಸಯ್ಯನಿಗೆ ಸಿಟ್ಟು. ಹಾಗೆ ಅನ್ನಿಸಿಕೊಳ್ಳೋ ಕೆಲಸ ಮಾಡಿದೆನಲ್ಲ ಅಂತ ನಾಚಿಕೆ. ಎರಡನ್ನೂ ಹೊತ್ತುಕೊಂಡು ಮನೆಗೆ ಬಂದ. ಅವನ ತಾಯಿ ಎರಡು ತಟ್ಟೆಗೆ ಮುದ್ದೆ ಇಟ್ಟು, ಒಬ್ಬನೇ ಬಂದ ಮಗನನ್ನು ನೋಡಿದಳು. ಆದದ್ದನ್ನೆಲ್ಲ ಕೇಳಿದಳು. ಬೈಯಲಿಲ್ಲ. ಸೊಸೆಯ ತಟ್ಟೆಯ ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿ ಅವನ ಪಕ್ಕ ಇಟ್ಟಳು. "ಇದು ಅವಳ ಪಾಲು. ಅವಳಿಗೆ ಮುಟ್ಟಿಸು," ಅಂದಳು, ಅಷ್ಟೇ.

ಬೆಳಕು ಹರಿಯುತ್ತಲೇ ಬೋಸಯ್ಯ ಕೊರಕಲಿಗೆ ಬಂದು ನಿಂತ. ಅಲ್ಲಿ ಹತ್ತಾರು ಜನರ ಹೆಜ್ಜೆ ಕಲಸಿಹೋಗಿದ್ದವು. ಅದರಲ್ಲಿ ತನ್ನ ಹೆಂಡತಿಯದು ಯಾವುದು? ಬೋಸಯ್ಯನಿಗೆ ಗೊತ್ತಾಗಲಿಲ್ಲ. ಐದು ವರ್ಷ ಒಂದೇ ಸೂರಿನಡಿ ಇದ್ದ, ಅವಳ ಪಾದ ಹೇಗಿದೆ ಅಂತ ಒಂದು ದಿನವೂ ನೋಡಿರಲಿಲ್ಲ. ಬಂಡೆಯ ಮೇಲೆ ಕೂತು ಕಣ್ಣು ಮುಚ್ಚಿ ನೆನೆಸಿಕೊಂಡ. ಕೊಡ ಹೊತ್ತು ಬರುವಾಗ ಅವಳು ಎಡಗಾಲನ್ನು ಸ್ವಲ್ಪ ಹೊರಗೆ ಎಸೆಯುತ್ತಾಳೆ. ಕಿರುಬೆರಳು ಮಡಚಿಕೊಂಡಿದೆ, ಚಿಕ್ಕಂದಿನಲ್ಲಿ ಕಲ್ಲು ಬಿದ್ದಿತ್ತಂತೆ, ಒಮ್ಮೆ ಹೇಳಿದ್ದಳು. ಕಣ್ಣು ತೆರೆದು ಹುಡುಕಿದ. ಸಿಕ್ಕಿತು. ನಾಲ್ಕು ಬೆರಳಿನ ಗುರುತು ಬಿದ್ದ ಪುಟ್ಟ ಎಡಪಾದ.

ಅಲ್ಲಿಂದ ಅವನು ಓದುವುದನ್ನು ಕಲಿತ ಅಂತಾರೆ. ಮಣ್ಣಿದ್ದ ಕಡೆ ಸುಲಭ. ಬಂಡೆಯ ಮೇಲೆ ಏನೂ ಕಾಣದು. ಅವಳು ಮಾಡುತ್ತಿದ್ದ ಹಾಗೆ ಕೆನ್ನೆಯನ್ನು ಕಲ್ಲಿಗೆ ಆನಿಸಿ ಬಿಸಿಲಿಗೆ ಎದುರಾಗಿ ನೋಡಿದ, ಧೂಳು ಕದಲಿದ ಜಾಗ ಮಬ್ಬಾಗಿ ಕಂಡಿತು. ಹೀಗೆ ಒಂದು ದಿನದಲ್ಲಿ ಒಂದು ಗುಡ್ಡ ದಾಟಿದ. ಬಾಯಾರಿ ನಾಲಿಗೆ ಮರದ ತುಂಡಾಯಿತು. ಮುದ್ದೆಯ ಗಂಟನ್ನು ಮಾತ್ರ ಬಿಚ್ಚಲಿಲ್ಲ.

ಎರಡನೆ ದಿನ ಅವಳ ಹೆಜ್ಜೆಯ ಮೇಲೆ ತೋಳದ ಹೆಜ್ಜೆ ಕಂಡವು. ನಾಲ್ಕು ತೋಳ. ಬೋಸಯ್ಯ ಓಡಿದ. ಓಡಿದರೆ ಹೆಜ್ಜೆ ತಪ್ಪುತ್ತದೆ, ಮತ್ತೆ ತಿರುಗಿ ಬಂದು ಹುಡುಕಬೇಕು, ಮತ್ತೆ ಓಡಿದ. ಒಂದು ಕಾರೆಮೆಳೆಯ ಹತ್ತಿರ ನೆಲ ಎಲ್ಲಾ ಕಿತ್ತುಹೋಗಿತ್ತು. ಸುತ್ತ ಮುಷ್ಟಿಗಾತ್ರದ ಕಲ್ಲು ಚೆಲ್ಲಿದ್ದವು, ಮುರಿದ ಜಾಲಿಕೊಂಬೆ ಬಿದ್ದಿತ್ತು. ಬೋಸಯ್ಯ ಅಲ್ಲೇ ಮಂಡಿಯೂರಿದ. ಆಮೇಲೆ ನಿಧಾನವಾಗಿ ನೋಡಿದ. ತೋಳದ ಹೆಜ್ಜೆಗಳು ಬಂದ ದಾರಿ ಬಿಟ್ಟು ಪಕ್ಕಕ್ಕೆ ಚದುರಿ ಹೋಗಿದ್ದವು. ಮೆಳೆಯ ಅಡಿಯಲ್ಲಿ ಬೆರಳುಗುರಿನಷ್ಟು ಚಿಕ್ಕ ಗೊರಸಿನ ಗುರುತು ಇದ್ದವು, ಮೆಳೆಯಿಂದ ಆಚೆ ಇರಲಿಲ್ಲ. ತಾಯಿ ಜಿಂಕೆ ಒಂದು ಕಾಲು ಎಳೆಯುತ್ತಾ ಮುಂದೆ ಹೋಗಿತ್ತು. ಅದರ ಹಿಂದೆ ಸೂರಕ್ಕನ ಹೆಜ್ಜೆ. ಅಲ್ಲಿಯ ತನಕ ಹಗುರವಾಗಿದ್ದ ಹಿಮ್ಮಡಿ ಅಲ್ಲಿಂದ ಮುಂದೆ ಆಳಕ್ಕೆ ಇಳಿದಿತ್ತು.

ಮರಿಯನ್ನು ಎತ್ತಿಕೊಂಡಿದ್ದಾಳೆ ಅಂತ ಬೋಸಯ್ಯನಿಗೆ ತಿಳಿಯಿತು. ಯಾರೂ ಹೇಳದೆ ತಿಳಿಯಿತು. ಅಲ್ಲೇ ಕೂತು ಅತ್ತನಂತೆ.

ಮೂರನೆ ದಿನ ಬಿಸಿಲೇರುವ ಹೊತ್ತಿಗೆ ಉರಿಗಲ್ಲು ಗುಡ್ಡದ ಒಂದು ಸೀಳಿನಿಂದ ಜೇನುಹುಳುಗಳು ಹೋಗಿಬರುತ್ತಿದ್ದವು. ಹತ್ತಿರ ಹೋದರೆ ತಂಪು ಗಾಳಿ ಮುಖಕ್ಕೆ ಬಡಿಯಿತು. ಸೀಳಿನ ಒಳಗೆ ದೊಣೆ! ಬಂಡೆಗಳ ಮಡಿಲಲ್ಲಿ, ಬಿಸಿಲು ಬೀಳದ ಕಡೆ, ಎದೆಮಟ್ಟದ ತಿಳಿನೀರು. ದೊಣೆಯ ಬಾಯಲ್ಲಿ ಮರಳು. ಮರಳಿನ ಮೇಲೆ ಸೂರಕ್ಕ ಕೂತಿದ್ದಳು. ಪಕ್ಕದಲ್ಲಿ ತಾಯಿ ಜಿಂಕೆ ಮಲಗಿತ್ತು, ಅದರ ತೊಡೆಗೆ ಸೀರೆಯ ಸೆರಗು ಕಟ್ಟಿತ್ತು. ಮರಿ ಮೊಲೆಗೆ ಬಾಯಿಟ್ಟಿತ್ತು.

ಬೋಸಯ್ಯ ಕರೆಯಲು ಬಾಯಿ ತೆರೆದ. ಸೂರಕ್ಕ ಕೈ ಎತ್ತಿ ತಡೆದಳು. ದೊಣೆಯ ಆಚೆ ದಡದಲ್ಲಿ ಒಂದು ಕರಡಿ, ಬೆನ್ನ ಮೇಲೆ ಎರಡು ಮರಿ. ಬೋಸಯ್ಯನ ಕೈ ಬಿಲ್ಲಿಗೆ ಹೋಯಿತು. ಸೂರಕ್ಕ ಅವನನ್ನೇ ನೋಡಿದಳು. ಅವನು ಬಿಲ್ಲನ್ನು ನೆಲಕ್ಕಿಟ್ಟ. ಕರಡಿ ಎರಡು ಕಾಲ ಮೇಲೆ ಎದ್ದು ನಿಂತಿತು, ಮೂಸಿತು, ಬುಸ್ಸೆಂದಿತು. ಅವನು ಅಲುಗಲಿಲ್ಲ. ಅದು ಇಳಿದು ಸಾವಕಾಶವಾಗಿ ನೀರು ಕುಡಿದು, ಬಂಡೆ ಹತ್ತಿ ಹೋಯಿತು.

ಬೋಸಯ್ಯ ಬಗ್ಗಿ ಹೊಟ್ಟೆ ತುಂಬ ನೀರು ಕುಡಿದ. ಆಗ ಸೂರಕ್ಕ ಕೇಳಿದಳು. "ಹೆಂಗೆ ಬಂದೆ ಮಾವ?"

"ನಿನ್ನ ಹೆಜ್ಜೆ ಓದ್ಕೊಂಡು ಬಂದೆ."

"ನೀನಾ? ಏನಿತ್ತು ಅದ್ರಾಗೆ?"

ಬೋಸಯ್ಯ ಹೇಳಿದ. ಮೊದಲು ನೀನು ಸಿಟ್ಟಿನಲ್ಲಿ ನಡೆದಿದ್ದೆ. ಕರಿಬಂಡೆ ಹತ್ತಿರ ಕಾಲು ನೊಂದು ಕೂತೆ. ತೋಳ ಬಂದವು, ಕಲ್ಲು ಬೀರಿದೆ. ಆಮೇಲೆ ಮರಿ ಎತ್ತಿಕೊಂಡೆ. ಸೂರಕ್ಕ ಒಂದೊಂದಕ್ಕೂ ತಲೆಯಾಡಿಸಿದಳು.

"ಒಂದು ಕಡೆ ನೀನು ತಿರುಗಿ ನಿಂತಿದ್ದೆ," ಅಂದ ಬೋಸಯ್ಯ. "ನಮ್ಮ ಹಟ್ಟಿ ಕಡೆ ಮುಖ ಮಾಡಿ."

ಸೂರಕ್ಕ ತಲೆ ತಗ್ಗಿಸಿದಳು. "ಎಷ್ಟೊತ್ತು ನಿಂತಿದ್ದೆ ನಾನು?"

"ಬಾಳ ಹೊತ್ತು. ಹೆಬ್ಬೆರಳು ಮಣ್ಣಾಗೆ ಹೂತೋಗಿತ್ತು."

ಅಲ್ಲಿಯ ತನಕ ಅಳದಿದ್ದ ಸೂರಕ್ಕ ಆಗ ಅತ್ತಳು. ಕೂಸು ಹೋದಾಗಲೂ ಅಷ್ಟು ಅತ್ತಿರಲಿಲ್ಲ ಅಂತಾರೆ. ಬೋಸಯ್ಯ ಗಂಟು ಬಿಚ್ಚಿ ಮುದ್ದೆ ಕೊಟ್ಟ. ಕಲ್ಲಿನಂತಾಗಿದ್ದ ಮುದ್ದೆಯನ್ನು ದೊಣೆ ನೀರಲ್ಲಿ ನೆನೆಸಿ ಇಬ್ಬರೂ ತಿಂದರು.

ಜಿಂಕೆಯ ತೊಡೆಯಲ್ಲಿ ಅಲಗು ಇನ್ನೂ ಇತ್ತು. ಸೂರಕ್ಕ ಬಾಣದ ಕೋಲು ಮುರಿದಿದ್ದಳು, ಅಲಗು ಕೀಳಲು ಹೆದರಿದ್ದಳು. ಗಾಯ ಊದಿ, ಜಿಂಕೆ ಆಗಲೇ ಕಣ್ಣು ಮೇಲೆ ಮಾಡುತ್ತಿತ್ತು. ಹಿಂದುಮುಳ್ಳು ಎಷ್ಟು, ಯಾವ ಕಡೆ ಬಾಗಿದೆ ಅಂತ ಅದನ್ನು ತಟ್ಟಿದವನಿಗೆ ಮಾತ್ರ ಗೊತ್ತು. ಅವಳು ಜಿಂಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಕಣ್ಣು ಮುಚ್ಚಿ ಹಿಡಿದಳು. ಅವನು ಅಲಗನ್ನು ಒಳಗೇ ತಿರುಗಿಸಿ, ಬಂದ ದಾರಿಯಲ್ಲೇ ಹೊರಗೆ ತಂದ.

ತುಂಬೆ ಸೊಪ್ಪು ಅರೆದು ಕಟ್ಟಿದರು. ತೂಬರೆ ಹಣ್ಣು ತಿಂದುಕೊಂಡು ಏಳು ದಿನ ಅಲ್ಲೇ ಇದ್ದರು. ಎಂಟನೆ ದಿನ ಜಿಂಕೆ ಎದ್ದು, ಕುಂಟುತ್ತಾ, ಮರಿಯನ್ನು ಕರೆದುಕೊಂಡು ಹೋಯಿತು. ಹೋಗುವಾಗ ಸೂರಕ್ಕನ ಕೈ ನೆಕ್ಕಿತು ಅಂತ ಕೆಲವರು ಹೇಳುತ್ತಾರೆ. ಹಟ್ಟಿಯ ಹಿರಿಯರು ಅದನ್ನು ಒಪ್ಪೋದಿಲ್ಲ. ಅದು ಅಡವಿ ಜಿಂಕೆ, ತಿರುಗಿಯೂ ನೋಡದೆ ಹೋಯಿತು, ಅದಕ್ಕೇ ಅವರಿಗೆ ಅಷ್ಟು ಸಂತೋಷವಾಯಿತು ಅಂತಾರೆ.

ಇಬ್ಬರೂ ಊರಿಗೆ ಬಂದಾಗ ಹಟ್ಟಿಯ ಬಾವಿ ತಳ ಕಂಡಿತ್ತು. ಊರು ಬಿಡೋದೇ ಸೈ ಅಂತ ಜನ ಗಂಟುಮೂಟೆ ಕಟ್ಟಿದ್ದರು. ಸೂರಕ್ಕ ದೊಣೆಯ ಸುದ್ದಿ ಹೇಳಿದಳು. ಆದರೆ ದಾರಿ ಹೇಳುವ ಮುಂಚೆ ಒಂದು ಮಾತು ಕೇಳಿದಳು. ಹಗಲು ಆ ನೀರು ನಮ್ಮದು, ಹೊತ್ತು ಮುಳುಗಿದ ಮೇಲೆ ಹೊತ್ತು ಹುಟ್ಟುವ ತನಕ ಅವುಗಳದು, ಅಲ್ಲಿಗೆ ಯಾರೂ ಬಿಲ್ಲು ತರಬಾರದು ಅಂದಳು. ಜನ ನೆಲ ಮುಟ್ಟಿ ಆಣೆ ಇಟ್ಟರು. ಯಾರಾದರೂ ತಪ್ಪಿದರೆ ಹೇಗೆ ತಿಳಿಯುತ್ತೆ ಅಂತ ಕಾಟಯ್ಯ ಕೇಳಿದ. ಮರಳು ಹೇಳುತ್ತೆ ಅಂದಳು.

ಜನ ತಮ್ಮ ಆಡು, ಗುಡಿಸಲು, ದೇವರ ಪೆಟ್ಟಿಗೆ ಎಲ್ಲಾ ಹೊತ್ತು ದೊಣೆಯ ಕೆಳಗಿನ ಬಯಲಿಗೆ ಬಂದರು. ಈಗಿನ ಕಾರೆಹಟ್ಟಿ ಅದೇ. ಸೂರಕ್ಕ ದಿನಾ ಸಂಜೆ ತಂಗಡಿ ಸೊಪ್ಪಿನಿಂದ ಮರಳನ್ನು ನುಣ್ಣಗೆ ಸವರಿ ಬರುತ್ತಿದ್ದಳು, ಬೆಳಗ್ಗೆ ಹೋಗಿ ಓದುತ್ತಿದ್ದಳು. ಒಂದು ಬೆಳಗ್ಗೆ ಜಿಂಕೆ ಗೊರಸುಗಳ ಪಕ್ಕ ಒಬ್ಬ ಗಂಡಸಿನ ಹೆಜ್ಜೆ ಇತ್ತು. ಬಂಡೆಯ ಮರೆಯಲ್ಲಿ ಹೊಂಚಿ ಕೂತ ಗುರುತು ಇತ್ತು. ಅವಳು ಅದನ್ನು ಅಳಿಸಿ, ನೇರ ಕಾಟಯ್ಯನ ಮನೆಗೆ ಹೋದಳು. ಅವನು ಜಗಲಿಯ ಮೇಲೆ ಕೂತಿದ್ದ, ಸುತ್ತ ಜನ ಇದ್ದರು.

"ಯಜಮಾನ್ರೇ, ನಿಮ್ಮ ಬಲಗಾಲಿನ ಹಿಮ್ಮಡಿ ಬಾಳ ಒಡೆದೈತೆ," ಅಂದಳು. "ಒಂದಿಷ್ಟು ಎಣ್ಣೆ ಹಚ್ಕೊಳ್ರಿ." ಅಂದು ಎಣ್ಣೆಯ ಕುಡಿಕೆ ಇಟ್ಟು ಬಂದಳು.

ಸುತ್ತ ಇದ್ದವರಿಗೆ ಏನೂ ತಿಳಿಯಲಿಲ್ಲ. ಕಾಟಯ್ಯ ಮಾತ್ರ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ. ಆಮೇಲೆ ಅವನು ಬದುಕಿರುವ ತನಕ ದೊಣೆಗೆ ಕಾವಲು ನಿಂತವನು ಅವನೇ ಅಂತಾರೆ. ಈ ಹಿಮ್ಮಡಿಯ ಕಥೆ ನಮಗೆ ದಕ್ಕಿದ್ದು ಕಾಟಯ್ಯನ ಬಾಯಿಂದಲೇ, ಸಾಯುವ ಮುಂಚೆ ತಾನೇ ಎಲ್ಲರಿಗೂ ಹೇಳಿ ಹೋದನಂತೆ.

ಬೋಸಯ್ಯ ಮೊದಲು ಹೋದ. ಸೂರಕ್ಕ ಆಮೇಲೂ ಬಹಳ ವರ್ಷ ಇದ್ದಳು. ಕಣ್ಣು ಮಂಜಾದ ಮೇಲೆ ಬೆರಳಿನಿಂದ ಮರಳು ಸವರಿ ಓದುತ್ತಿದ್ದಳಂತೆ. ಅವಳು ಹೋದ ದಿನ ದೊಣೆಗೆ ಯಾವ ಪ್ರಾಣಿಯೂ ಬರಲಿಲ್ಲ ಅಂತ ಒಬ್ಬರು, ಎಲ್ಲವೂ ಬಂದವು ಅಂತ ಇನ್ನೊಬ್ಬರು ಹೇಳುತ್ತಾರೆ. ಅವತ್ತು ಓದುವವರು ಯಾರೂ ಇರಲಿಲ್ಲ.

ಈಗ ಕಾರೆಹಟ್ಟಿಯಲ್ಲಿ ಬೇಟೆ ಇಲ್ಲ. ಆದರೂ ಯುಗಾದಿಯ ಮಾರನೆ ದಿನ ಊರಿಗೆ ಊರೇ ದೊಣೆಗೆ ಹೋಗುತ್ತದೆ. ಮರಳು ಸವರುತ್ತಾರೆ. ಆ ವರ್ಷ ಮದುವೆಯಾದ ಗಂಡುಗಳನ್ನು ಬಂಡೆಯ ಆಚೆ ನಿಲ್ಲಿಸಿ, ಊರ ಹೆಂಗಸರೆಲ್ಲ ಮರಳ ಮೇಲೆ ಒಂದು ಸಾಲು ನಡೆಯುತ್ತಾರೆ, ಹೊಸ ಸೊಸೆಯರೂ ಅವರ ನಡುವೆ ನಡೆಯುತ್ತಾರೆ. ಆಮೇಲೆ ಗಂಡುಗಳು ಬಂದು ತಮ್ಮ ತಮ್ಮ ಹೆಂಡತಿಯ ಹೆಜ್ಜೆ ಯಾವುದು ಅಂತ ತೋರಿಸಬೇಕು. ಎಷ್ಟೋ ಜನ ತಪ್ಪುತ್ತಾರೆ. ಅಜ್ಜಿಯ ಹೆಜ್ಜೆ ತೋರಿಸಿದವರೂ ಇದ್ದಾರೆ, ಆಗ ಗುಡ್ಡವೆಲ್ಲ ನಗು. ತಪ್ಪಿದವನಿಗೆ ದಂಡವಿಲ್ಲ, ಬೈಗುಳವಿಲ್ಲ. ಹಿರಿಯ ಹೆಂಗಸೊಬ್ಬಳು ಅವನ ಹೆಗಲ ಮೇಲೆ ಕೈಯಿಟ್ಟು, ಅವಸರ ಏನಿಲ್ಲ ಮಗ, ಕೂತ್ಕೊಂಡು ನೋಡು ಅಂತಾಳೆ. ಅವನು ಮಂಡಿಯೂರಿ ಕೂತು ನೋಡುತ್ತಾನೆ. ಅವನಿಗೆ ಸಿಗುವ ತನಕ ಊರು ಕಾಯುತ್ತದೆ.