ಚೆಂಗಜ್ಜನ ಎರಡು ಬೆರಳು

ಮತ್ತೆ ನಡುವೆ ಬಾಯಿ ಹಾಕಿದೆಯಾ, ದೇಚೂ? ಮೂರು ಸಲ ಶುರು ಮಾಡಿದೆ, ಮೂರು ಸಲವೂ ನಿನಗೆ ನೀರೇ ಬೇಕಾಯಿತು. ನೀನೇ ಕಥೆ ಹೇಳುವುದಾದರೆ ಹೇಳು, ನಾನು ಅಕ್ಕಿಯನ್ನಾದರೂ ಆರಿಸುತ್ತೇನೆ.

ಬಹಳ ಹಿಂದೆ, ಕೋವಿಗೆ ಲೈಸೆನ್ಸ್ ಕೇಳುವವರು ಹುಟ್ಟುವ ಮೊದಲು, ಕೊಡಗಿನ ಒಂದು ಊರಿನಲ್ಲಿ ಚೆಂಗಜ್ಜ ಅಂತ ಬೇಟೆಗಾರ ಇದ್ದನಂತೆ. ಅವನದು ಹಳೆಯ ಕೇಪಿನ ಕೋವಿ. ಎಂದೋ ಬಂಡೆಯ ಮೇಲೆ ಬಿದ್ದು ನಳಿಗೆ ಸೊಟ್ಟಗಾಗಿತ್ತು. ಗುಂಡು ಬಲಕ್ಕೆ ಹೋಗುತ್ತಿತ್ತು. ಅದಕ್ಕೆ ಅಜ್ಜ ಕೈ ಚಾಚಿ ಅಳೆದರೆ ಎರಡು ಬೆರಳಿನಷ್ಟು ಎಡಕ್ಕೆ ಗುರಿ ಹಿಡಿಯುತ್ತಿದ್ದ. ಒಂದು ಈಡೂ ತಪ್ಪುತ್ತಿರಲಿಲ್ಲವಂತೆ. ಹಾರುವ ಜೇನುನೊಣದ ಯಾವ ರೆಕ್ಕೆ ಬೇಕು ಅಂತ ಕೇಳಿ ಹೊಡೆಯುತ್ತಿದ್ದನಂತೆ. ಅದು ಸುಳ್ಳು. ಸೊಟ್ಟ ನಳಿಗೆ ಮಾತ್ರ ನಿಜ.

ಮಗ ಬಿದ್ದಯ್ಯ ಪಲ್ಟನ್ನಿನಿಂದ ರಜೆಗೆ ಬಂದವನು ಅಪ್ಪನಿಗೆ ತೋಟೆ ತುಂಬಿ ಹೊಡೆಯುವ ಹೊಸ ಕೋವಿ ತಂದನಂತೆ. ಅವನು ಕಲಿತು ಬಂದವನು. ನೆಲಕ್ಕೆ ಎದೆ ಕೊಟ್ಟು ಮಲಗಿ, ಉಸಿರು ಹಿಡಿದು, ಮೆತ್ತಗೆ ಬೆರಳಲ್ಲಿ ಕೋವಿಯ ಕುದುರೆ ಎಳೆಯುತ್ತಿದ್ದ. ಅಜ್ಜ ನಿಂತೇ ಹೊಡೆಯುವವನು. "ನೀನು ಮಲಗುವಷ್ಟರಲ್ಲಿ ಹಂದಿ ಮನೆಗೆ ಹೋಗಿ ಉಂಡಿರುತ್ತದೆ" ಅಂದನಂತೆ.

ಕೋವಿ ಅಂದರೆ ನೇರವೇ ಅಂತ ಮಗ ತಿಳಿದಿದ್ದ, ಹೊಸದು ನೇರ ಹೊಡೆಯುತ್ತದೆ ಅಂತ ಹೇಳಲಿಲ್ಲ. ಅಪ್ಪ ಅರವತ್ತು ವರ್ಷ ಹೊಡೆದವನು, ಏನೂ ಕೇಳಲಿಲ್ಲ. ತೋಟೆ ಕಡಿಮೆ ಅಂತ ಒಂದು ಈಡು ಹೊಡೆದೂ ನೋಡಲಿಲ್ಲ.

ಒಂದು ಬೆಳಿಗ್ಗೆ ಗಾಯಗೊಂಡ ಕಾಡುಹಂದಿ ಗದ್ದೆಯ ಬದುವಿನಲ್ಲಿ ಬಿದ್ದಯ್ಯನ ಮೇಲೆ ನುಗ್ಗಿತು. ಅವನದು ಬರಿಗೈ. ಇಪ್ಪತ್ತು ಹೆಜ್ಜೆ ಆಚೆ ನಿಂತಿದ್ದ ಅಜ್ಜ ಹೊಸ ಕೋವಿ ಎತ್ತಿದ. ಕೈ ತಾನಾಗಿ ಎರಡು ಬೆರಳು ಎಡಕ್ಕೆ ಹೋಯಿತು. ಗುಂಡು ಕೆಸರಿಗೆ, ಕೋರೆ ಮಗನ ತೊಡೆಗೆ.

ಬಿದ್ದಯ್ಯ ಬದುಕಿದ. ಪಲ್ಟನ್ನಿಗೆ ಮಾತ್ರ ಮರಳಲಿಲ್ಲ. ಕುಂಟುವ ಮಗನ ಹಿಂದೆ ಅಜ್ಜನೂ ಅಷ್ಟೇ ನಿಧಾನವಾಗಿ ನಡೆಯುತ್ತಿದ್ದನಂತೆ, ಸಾಯುವವರೆಗೂ. ಕೋವಿ ಮುಟ್ಟಲಿಲ್ಲವಂತೆ.

ಈಗಲೂ ಆ ಊರಿನಲ್ಲಿ ಆಯುಧದ ಹಬ್ಬ ಕೈಲ್‌ಮುಹೂರ್ತದ ದಿನ, ಕೋವಿಗೆ ಹೂವಿಟ್ಟು ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಬೇರೆಯವರ ಕೋವಿ ಹಿಡಿದವನು "ಎಷ್ಟು ಬೆರಳು?" ಅಂತ ಕೇಳಲೇಬೇಕು. ಕೋವಿಯವನು ಹೇಳಲೇಬೇಕು. ನೇರವಿದ್ದರೂ "ಬೆರಳಿಲ್ಲ" ಅನ್ನಬೇಕು. ಕೇಳದೆ ಹೊಡೆದರೆ ಕಾಯಿ ಚೂರಾದರೂ ಗೆದ್ದ ಹಾಗಲ್ಲ.

ದೇಚು ಈ ಸಲ ನೀರು ಕೇಳಲಿಲ್ಲ. ನಾನು ಅಕ್ಕಿಯ ಮೊರ ಎಳೆದುಕೊಂಡು, ಇಲ್ಲದ ಕಲ್ಲು ಹುಡುಕುತ್ತಾ ಕೂತೆ. ಅವಳು ಕೇಳಿದ್ದು ಇಷ್ಟೇ: "ಅವ್ವಾ, ತಪ್ಪು ಕೇಳದವನದ್ದಾ, ಹೇಳದವನದ್ದಾ?"