ಬಾಳವ್ವನ ಬೊಗಸೆ

ಘಟ್ಟಕ್ಕೆ ರಸ್ತೆ ಆಗುವುದಕ್ಕಿಂತ ಬಹಳ ಹಿಂದೆ, ಎಷ್ಟು ಹಿಂದೆ ಅಂತ ಹೇಳಿದವರಿಗೂ ಗೊತ್ತಿರಲಿಲ್ಲ, ಹೇರಿನಹಾಳ ಅಂತ ಒಂದು ಊರು ಇತ್ತಂತೆ. ಆ ಊರಿನವರಿಗೆ ಹೊಲ ಕಡಿಮೆ, ಎತ್ತು ಜಾಸ್ತಿ. ಎತ್ತಿನ ಬೆನ್ನಿನ ಎರಡು ಕಡೆಗೂ ಚೀಲ ಇಳಿಬಿಟ್ಟು ಜೋಳ ಹೇರಿಕೊಂಡು ಘಟ್ಟ ಇಳಿಯುವುದು, ಕಡಲ ದಂಡೆಯಿಂದ ಉಪ್ಪು ಹೇರಿಕೊಂಡು ಘಟ್ಟ ಹತ್ತುವುದು, ಇದೇ ಅವರ ಬದುಕು. ಇಳಿಯುವುದಕ್ಕೆ ಏಳು ದಿನ, ಹತ್ತುವುದಕ್ಕೆ ಒಂಬತ್ತು ದಿನ. ಮೇಲಿನ ಸೀಮೆಯ ನೂರು ಹಳ್ಳಿಗಳ ಸಾರಿಗೆ ರುಚಿ ಬರುತ್ತಿದ್ದುದು ಈ ಎತ್ತುಗಳ ದೆಸೆಯಿಂದ. ಅಂಗಡಿಯಲ್ಲಿ ಪೊಟ್ಟಣ ಕೊಂಡು ಮನೆಗೆ ಹೋಗುವವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು, ಬಿಡಿ.

ನಲವತ್ತು ಎತ್ತುಗಳ ಸಾಲು. ಸಾಲಿನ ಮುಂದೆ ಗುಡ್ಡಪ್ಪ, ಸಾಲಿನ ಕೊನೆಗೆ ಬಾಳವ್ವ. ಗುಡ್ಡಪ್ಪ ಹೇರಿನವರಿಗೆಲ್ಲ ಹಿರಿಯ. ಬಾಳವ್ವ ಅವನ ಸತ್ತುಹೋದ ತಮ್ಮನ ಹೆಂಡತಿ. ತಮ್ಮ ಘಟ್ಟದ ತಿರುವಿನಲ್ಲಿ ಕಾಲು ಜಾರಿ ಹೋದ ಮೇಲೆ ಅವನ ಮೂರು ಎತ್ತುಗಳ ಹಗ್ಗವನ್ನು ಅವಳೇ ಹಿಡಿದಳಂತೆ. ಹೆಣ್ಣುಮಗಳು ಘಟ್ಟ ಇಳಿಯುವುದೇ ಅಂತ ಊರಲ್ಲಿ ಗುಸುಗುಸು ಎದ್ದಿತ್ತು. ಗುಡ್ಡಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎರಡು ಸಲ ಹೋಗಿ ಬಂದ ಮೇಲೆ ಬಾಯಿಗಳು ತಾವಾಗಿಯೇ ಮುಚ್ಚಿಕೊಂಡವು.

ಮುಚ್ಚಿಕೊಂಡದ್ದಕ್ಕೆ ಕಾರಣ ಅವಳ ದಬ್ಬಣ. ಚೀಲದ ಬಾಯಿ ಹೊಲಿಯುವ ಉದ್ದನೆಯ ಸೂಜಿ ಅದು. ನಲವತ್ತು ಎತ್ತುಗಳ ಎಂಬತ್ತು ಚೀಲಗಳ ಬಾಯನ್ನೂ ಅವಳೇ ಹೊಲಿಯುತ್ತಿದ್ದಳು. ಅವಳು ಹೊಲಿದ ಚೀಲ ಹೊಳೆಯಲ್ಲಿ ಬಿದ್ದು ಹರದಾರಿ ದೂರ ತೇಲಿಹೋದರೂ ಒಂದು ಕಾಳು ಚೆಲ್ಲಿರಲಿಲ್ಲ ಅನ್ನುತ್ತಾರೆ. ಅವಳ ಹೊಲಿಗೆ ಬಿಚ್ಚಿದರೆ ಮತ್ತೆ ಹಾಗೇ ಹಾಕುವುದು ಅವಳೊಬ್ಬಳಿಂದಲೇ ಆಗುತ್ತಿತ್ತು ಅನ್ನುತ್ತಾರೆ. ಹೊಳೆಯ ಮಾತು ಎಷ್ಟು ನಿಜವೋ, ಹೇಳಿದವರು ಹೊಳೆಯ ದಂಡೆಯ ಮೇಲೆ ನಿಂತಿರಲಿಲ್ಲ. ಎರಡನೆಯ ಮಾತು ಮಾತ್ರ ಎಲ್ಲರೂ ಕಣ್ಣಾರೆ ಕಂಡದ್ದು. ಅದೇ ಅವಳ ಕುತ್ತಿಗೆಗೆ ಬಂತು.

ಹೇಗೆ ಅಂತ ಕೇಳಿ.

ಉಪ್ಪು ಇಳಿಯುತ್ತಿದ್ದುದು ಪೇಟೆಯ ಸಾಹುಕಾರ ನೀಲಕಂಠಪ್ಪನ ಅಂಗಳದಲ್ಲಿ. ಅವನ ಅಪ್ಪನ ಕಾಲದಿಂದಲೂ ಉಪ್ಪನ್ನು ಕೊಳಗದಲ್ಲಿ ಅಳೆಯುವುದು ವಾಡಿಕೆ. ಕೊಳಗ ತುಂಬಿ, ಮೇಲೆ ಅಂಗೈಯಿಂದ ಸವರಿದರೆ ಮುಗಿಯಿತು. ಕಡಲ ದಂಡೆಯಲ್ಲಿ ಎಷ್ಟು ಕೊಳಗ ತುಂಬಿದ್ದರೋ ಪೇಟೆಯಲ್ಲಿ ಅಷ್ಟೇ ಕೊಳಗ ಇಳಿಯುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ನೀಲಕಂಠಪ್ಪ ಆಳೆತ್ತರದ ಎರಡು ತಕ್ಕಡಿ ಮಾಡಿಸಿದ. ಒಂದನ್ನು ಕಡಲ ದಂಡೆಯಲ್ಲಿ ನಿಲ್ಲಿಸಿದ, ಒಂದನ್ನು ಪೇಟೆಯಲ್ಲಿ. ಎರಡಕ್ಕೂ ಒಂದೇ ತೂಕದ ಕಲ್ಲು. ಇನ್ನು ಮೇಲೆ ಅಳತೆ ಇಲ್ಲ, ತೂಕ ಅಂತ ಹೇಳಿದನಂತೆ. ಹೇರಿನವರು ತಲೆಯಾಡಿಸಿದರು. ಕದಿಯದವರಿಗೆ ಕೊಳಗ ಆದರೇನು, ತಕ್ಕಡಿ ಆದರೇನು.

ಮೊದಲ ಸಲವೇ ಚೀಲಕ್ಕೆ ಐದೈದು ಸೇರು ಕಡಿಮೆ ಬಂತು. ಒಂದೆರಡು ಚೀಲವಲ್ಲ, ಎಂಬತ್ತೂ ಚೀಲ. ಹೊಲಿಗೆ ನೋಡಿದರೆ ಹಾಕಿದ್ದು ಹಾಕಿದ ಹಾಗೇ ಇದೆ. ಎರಡನೆಯ ಸಲವೂ ಅದೇ ಕಥೆ. ಆಗ ಸಾಹುಕಾರ ಗುಡ್ಡಪ್ಪನನ್ನು ಕರೆದು, ಮುಂದಿನ ಹೇರು ಬರುವಷ್ಟರಲ್ಲಿ ಕಳ್ಳನ ಹೆಸರು ಹೇಳು, ಇಲ್ಲವಾದರೆ ಹೇರಿನಹಾಳದ ಎತ್ತು ನನ್ನ ಅಂಗಳ ತುಳಿಯುವುದು ಬೇಡ ಅಂದನಂತೆ. ಸಾಹುಕಾರನ ಹೆಂಡತಿಯ ತಮ್ಮ ಚಂಬಣ್ಣ ಅಂತ ಒಬ್ಬನಿದ್ದ. ಅವನು ಹೊಸದಾಗಿ ಮೂವತ್ತು ಎತ್ತು ಕೊಂಡು ಸುಮ್ಮನೆ ಮೇಯಿಸುತ್ತಿದ್ದ. ಯಾಕೆ ಮೇಯಿಸುತ್ತಿದ್ದ, ಹೇಳಿ ನೋಡೋಣ. ತೂಕದ ಗುಟ್ಟು ಸಾಹುಕಾರನಿಗೆ ಮೊದಲೇ ಗೊತ್ತಿತ್ತು ಅನ್ನುವವರೂ ಇದ್ದಾರೆ. ಗೊತ್ತಿದ್ದಿದ್ದರೆ ಮುಂದೆ ಅವನೂ ಮೋಸಹೋಗುತ್ತಿರಲಿಲ್ಲ.

ಹೇರು ತಪ್ಪಿದರೆ ಹದಿನೆಂಟು ಮನೆಗಳ ಒಲೆ ಆರುತ್ತದೆ. ಗುಡ್ಡಪ್ಪನ ಎದೆಯಲ್ಲಿ ಅವತ್ತು ಹೊಕ್ಕ ಹುಳ ಮತ್ತೆ ಹೊರಗೆ ಬರಲಿಲ್ಲ.

ಅವನ ಎದೆ ಒಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಊರೇ ಕೆಟ್ಟುಹೋಯಿತು. ಒಂದೇ ತಾಟಿನಲ್ಲಿ ರೊಟ್ಟಿ ಮುರಿದುಕೊಂಡು ತಿನ್ನುತ್ತಿದ್ದ ಗೆಳೆಯರು ಬೇರೆ ಬೇರೆ ಮರದ ಕೆಳಗೆ ಕೂತು ಉಣ್ಣತೊಡಗಿದರು. ಒಬ್ಬ ನೀರಿಗೆ ಹೋದರೆ ಇನ್ನೊಬ್ಬ ಹಿಂದೆಯೇ ಹೋದ. ಊರಲ್ಲಿ ಹೆಂಗಸರು ಒಬ್ಬರ ಮನೆಯ ಪಲ್ಯ ಇನ್ನೊಬ್ಬರು ಬಾಯಿಗೆ ಹಾಕಿಕೊಂಡು, ಉಪ್ಪು ಮುಂದಾಗಿದೆಯೇ ಅಂತ ನಾಲಗೆ ಚಪ್ಪರಿಸಿ ನೋಡುತ್ತಿದ್ದರಂತೆ. ಯಾರ ಮನೆಯ ಸಾರು ಒಂದು ಚಿಟಿಕೆ ಹೆಚ್ಚು ಉಪ್ಪಾಗಿದ್ದರೂ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಕಡೆಕಡೆಗೆ ಹೇರಿನಹಾಳದ ಜನ ಸಪ್ಪೆ ಸಾರು ಉಂಡರಂತೆ. ಉಪ್ಪು ಹೊರುವ ಊರಿನವರು ಸಪ್ಪೆ ಉಂಡರು ಅಂದರೆ ಅದೆಂಥ ಕಾಲ ಇರಬೇಕು.

ಮೂರನೆಯ ಸಲ ಘಟ್ಟ ಹತ್ತುವಾಗ ಗುಡ್ಡಪ್ಪ ಸಾಲಿನ ಮುಂದೆ ನಡೆದರೂ ಅವನ ಕಣ್ಣು ಹಿಂದೆಯೇ ಇತ್ತು. ಒಬ್ಬೊಬ್ಬರನ್ನಾಗಿ ಲೆಕ್ಕ ಹಾಕಿದ. ಮಲ್ಲೇಶಿಗೆ ಬಿಚ್ಚುವುದಕ್ಕೆ ಬರುತ್ತದೆ, ಹೊಲಿಯುವುದಕ್ಕೆ ಬರುವುದಿಲ್ಲ. ದುಂಡಪ್ಪನಿಗೆ ಎರಡೂ ಬರುವುದಿಲ್ಲ. ಬಿಚ್ಚಿ ಹಾಗೇ ಹೊಲಿಯುವ ಕೈ ಸಾಲಿನಲ್ಲಿ ಒಂದೇ. ಆ ಕೈ ಎಲ್ಲರ ಹಿಂದೆ ನಡೆಯುತ್ತದೆ, ಅದನ್ನು ನೋಡುವವರು ಯಾರೂ ಇಲ್ಲ. ಹೀಗೆ ಯೋಚನೆ ಬಂದ ಕೂಡಲೇ ಅವನಿಗೆ ಅಸಹ್ಯವಾಯಿತು. ತಮ್ಮನ ಹೆಂಡತಿ, ಮನೆಯ ಸೊಸೆ. ಆದರೂ ಕಣ್ಣು ಬಿಡಲಿಲ್ಲ. ಎತ್ತುಗಳನ್ನು ನಿಲ್ಲಿಸಿದಾಗಲೆಲ್ಲ ಬಾಳವ್ವ ಚೀಲದಿಂದ ಚೀಲಕ್ಕೆ ಹೋಗಿ ತಳ ಒತ್ತಿ ನೋಡುವುದು ಕಂಡಿತು. ಬೆರಳನ್ನು ನಾಲಗೆಗೆ ಮುಟ್ಟಿಸುವುದು ಕಂಡಿತು. ಅವಳ ಅಂಗೈ ಗೆರೆಗಳಲ್ಲಿ ಬೆಳ್ಳಗೆ ಉಪ್ಪು ಕೂತಿದ್ದೂ ಕಂಡಿತು.

ಐದನೆಯ ದಿನ ಅವಳೇ ಹತ್ತಿರ ಬಂದಳು. ಭಾವನ ಎದುರು ನಿಂತು ಮಾತಾಡಿದವಳಲ್ಲ. ಸೆರಗು ಮುಂದಕ್ಕೆಳೆದುಕೊಂಡು, ಎತ್ತಿನ ಕಡೆ ಮುಖ ಮಾಡಿ ಹೇಳಿದಳಂತೆ.

"ಉಪ್ಪು ನೀರು ಬಿಡಾಕತ್ತೈತ್ರಿ ಭಾವಾರ. ಕೆಳಗ ತುಂಬಿದಾಗ ಚೀಲ ಒದ್ದಿ ಇರತಾವ, ಮ್ಯಾಲ ಬಂದಂಗ ಒಣಗತಾವ. ಎತ್ತಿನ ಪಕ್ಕಡಿ ನೋಡ್ರಿ, ಉಪ್ಪಿನ ನೀರು ಇಳದು ಬೆಳ್ಳಗಾಗ್ಯಾವ. ಯಾರೂ ಕದ್ದಿಲ್ಲ."

ಗುಡ್ಡಪ್ಪ ಎತ್ತಿನ ಪಕ್ಕೆ ನೋಡಲಿಲ್ಲ, ಅವಳ ಅಂಗೈ ನೋಡಿದ. ತನ್ನ ಜೀವಮಾನದಲ್ಲೇ ಕೊಳಗಕ್ಕೆ ಒಂದು ಹಿಡಿ ಕಡಿಮೆ ಬಂದದ್ದಿಲ್ಲ, ಇಷ್ಟು ವರ್ಷ ಬಿಡದ ನೀರನ್ನು ಉಪ್ಪು ಈಗ ಬಿಡುತ್ತದೆಯೇ ಅಂತ ಕೇಳಿದನಂತೆ. ಅವಳು ತನ್ನ ಎತ್ತುಗಳ ಹತ್ತಿರ ಹಿಂದಕ್ಕೆ ಹೋದಳು. ಯಾರೂ ಕೇಳದೆ ಇವಳೇ ಬಂದು ಯಾಕೆ ಹೇಳಬೇಕಿತ್ತು ಅಂತ ಅವನಿಗೆ ಅನ್ನಿಸಿತು. ಅಷ್ಟು ಸಾಕಾಯಿತು.

ಪೇಟೆ ತಲುಪಿದರು, ತೂಗಿದರು, ಮತ್ತೆ ಐದೈದು ಸೇರು ಕಡಿಮೆ. ಅಂಗಳದ ತುಂಬ ಜನ. ಹೆಸರು ಹೇಳು ಅಂದ ಸಾಹುಕಾರ. ಗುಡ್ಡಪ್ಪ ನೆಲ ನೋಡಿದ, ತಕ್ಕಡಿ ನೋಡಿದ, ಹದಿನೇಳು ಗಂಡಸರ ಮುಖ ನೋಡಿದ. ಅವಳ ಮುಖವೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದ.

"ಬಾಳವ್ವ," ಅಂದ.

ಅವಳು ಅಳುತ್ತಾಳೆ ಅಂದುಕೊಂಡರು, ಅಳಲಿಲ್ಲ. ಗುಡಿಯ ಮುಂದೆ ಆಣೆ ಮಾಡುತ್ತಾಳೆ ಅಂದುಕೊಂಡರು, ಮಾಡಲಿಲ್ಲ. ದಬ್ಬಣವನ್ನು ತಕ್ಕಡಿಯ ತಟ್ಟೆಯಲ್ಲಿಟ್ಟು, ಮೊದಲ ಸಲ ತಲೆ ಎತ್ತಿ ಮಾತಾಡಿದಳಂತೆ.

"ಸಾವಕಾರ್ರ, ನಿಮ್ಮ ಮನಿ ಮನಶ್ಯಾ ಒಬ್ಬಾಂವ ಕೆಳಗ ಹೋಗ್ಲಿ. ಒಂದು ಚೀಲ ತಾನ ತುಂಬಿ, ತಾನ ಹೊಲದು, ತಾನ ಕಾದುಕೊಂಡು ಬರ್ಲಿ. ಅದು ತೂಕಕ್ಕ ಸರಿ ಬಂದ್ರ ನಾ ಕಳ್ಳಿ."

ಸಾಹುಕಾರ ನಕ್ಕ. ಅವನಿಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು. ಚಂಬಣ್ಣನೇ ಹೋಗಲಿ ಅಂದ. ಬಾಳವ್ವ ಒಬ್ಬಳೇ ನಡೆದುಕೊಂಡು ಊರಿಗೆ ಹೋದಳು. ಹೋಗುವ ದಾರಿಯಲ್ಲಿ ಒಬ್ಬರೂ ಅವಳಿಗೆ ನೀರು ಕೊಡಲಿಲ್ಲವಂತೆ. ಈ ಮಾತು ಹೇಳುವಾಗ ಹೇರಿನಹಾಳದ ಹಿರಿಯರು ಈಗಲೂ ಕೆಮ್ಮಿ ಮುಂದಕ್ಕೆ ಹೋಗುತ್ತಾರೆ.

ಇನ್ನು ಚಂಬಣ್ಣನ ಸೊಗಸು ಕೇಳಬೇಕು. ಕಡಲ ದಂಡೆಯಲ್ಲಿ ತಾನೇ ಉಪ್ಪು ತುಂಬಿದ, ತಾನೇ ಮೂರು ಸಲ ತೂಗಿದ, ತಾನೇ ಹೊಲಿದ. ಹೊಲಿಯುವಾಗ ಬೆರಳು ಚುಚ್ಚಿಕೊಂಡು ಚೀಲಕ್ಕೆಲ್ಲ ರಕ್ತ ಬಳಿದ. ಎತ್ತು ನಡೆಯುವಾಗ ಚೀಲದ ಮೇಲೆ ಕೈ, ಎತ್ತು ನಿಂತಾಗ ಚೀಲದ ಮೇಲೆ ಕುಂಡಿ. ಯಾರಾದರೂ ಮಾರು ದೂರ ಬಂದರೂ ಕೋಲೆತ್ತುತ್ತಿದ್ದನಂತೆ. ಒಂಬತ್ತು ದಿನ ಸ್ನಾನ ಮಾಡಲಿಲ್ಲ. ಚೀಲ ಬಿಸಿಲಿಗಿದ್ದರೆ ಕಣ್ಣಿಗೆ ಕಾಣುತ್ತದೆ ಅಂತ ನೆರಳು ಕಂಡಲ್ಲೆಲ್ಲ ಅದನ್ನು ಬಿಸಿಲಿಗೆ ತಂದು ಇಟ್ಟ. ಗುಡ್ಡಪ್ಪ ದೂರದಿಂದ ಎಲ್ಲವನ್ನೂ ನೋಡಿದ. ತೂಕ ಸರಿ ಬರಲಿ ಅಂತ ಅವನ ಮನಸ್ಸಿನ ಒಂದು ಮೂಲೆ ಬೇಡಿಕೊಳ್ಳುತ್ತಿತ್ತು. ಬರದೇ ಹೋದರೆ ತಾನು ಮಾಡಿದ್ದು ಏನು ಅನ್ನುವುದು ಅವನಿಗೆ ಗೊತ್ತಿತ್ತು.

ತೂಗಿದರು. ಏಳು ಸೇರು ಕಡಿಮೆ.

ಸಾಹುಕಾರ ನಿಧಾನಕ್ಕೆ ತಕ್ಕಡಿಯಿಂದ ಕಣ್ಣು ತೆಗೆದು ಹೆಂಡತಿಯ ತಮ್ಮನನ್ನು ನೋಡಿದನಂತೆ. ಏನು ಮಾಡಿದೆ ಉಪ್ಪನ್ನು ಅಂತ ಕೇಳಿದನಂತೆ. ಚಂಬಣ್ಣ ದೇವರಾಣೆ ಇಟ್ಟ, ತಾಯಿಯಾಣೆ ಇಟ್ಟ, ಚುಚ್ಚಿಕೊಂಡ ಬೆರಳು ತೋರಿಸಿದ, ಕಡೆಗೆ ಗೊಳೋ ಅಂತ ಅತ್ತ. ಆಗ ಅಂಗಳದ ಮೂಲೆಯಲ್ಲಿದ್ದ ಮುದಿ ಅಳತೆಗಾರ ಎದ್ದು ಹೋಗಿ, ಧೂಳು ಹಿಡಿದಿದ್ದ ಕೊಳಗ ತಂದ. ಅದೇ ಚೀಲವನ್ನು ಬಿಚ್ಚಿ ಅಳೆದ. ಕಡಲ ದಂಡೆಯಲ್ಲಿ ಅಂಥ ಚೀಲಕ್ಕೆ ಎಷ್ಟು ಕೊಳಗ ಹಿಡಿಯುತ್ತಿತ್ತೋ ಅಷ್ಟೇ ಬಂತು. ಉಪ್ಪು ಪೂರ್ತಿ ಇತ್ತು, ಹೋಗಿದ್ದು ನೀರು. ಕೊಳಗಕ್ಕೆ ಒದ್ದೆಯೂ ಒಂದೇ, ಒಣಗಿದ್ದೂ ಒಂದೇ, ತಕ್ಕಡಿಗೆ ಹಾಗಲ್ಲ. ಇಷ್ಟು ಸಣ್ಣ ಸಂಗತಿ ತಿಳಿಯುವುದಕ್ಕೆ ಒಂದು ಊರು ಸಪ್ಪೆ ಉಣ್ಣಬೇಕಾಯಿತು. ಹೇರು ಹೇರಿನಹಾಳದವರಿಗೇ ಉಳಿಯಿತು. ಆದರೆ ಸಾಹುಕಾರ ಸಾಯುವವರೆಗೂ ಚಂಬಣ್ಣನ ಕೈಗೆ ಉಗ್ರಾಣದ ಬೀಗದಕೈ ಕೊಡಲಿಲ್ಲವಂತೆ. ಒಮ್ಮೆ ಹೊಕ್ಕ ಹುಳ ಅದು, ಕೊಳಗ ತೋರಿಸಿದರೆ ಹೋಗುತ್ತದೆಯೇ.

ಅವತ್ತಿನಿಂದ ಸಾಹುಕಾರನ ಅಂಗಳದಲ್ಲೇ ಉಳಿದಿದ್ದ ದಬ್ಬಣ ಎತ್ತಿಕೊಂಡು ಗುಡ್ಡಪ್ಪ ಬಾಳವ್ವನ ಮನೆಗೆ ಹೋದ. ದಾರಿಯಲ್ಲೂ ಅವನ ಹುಳ ಸುಮ್ಮನಿರಲಿಲ್ಲ. ಇಷ್ಟು ಸರಿಯಾಗಿ ಇವಳಿಗೆ ಹೇಗೆ ಗೊತ್ತಾಯಿತು ಅಂತ ಒಂದು ಗಳಿಗೆ ಅನ್ನಿಸಿತಂತೆ. ಅನ್ನಿಸಿದ್ದಕ್ಕೆ ನಡುದಾರಿಯಲ್ಲಿ ನಿಂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡನಂತೆ. ಅವಳು ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಅವನು ದಬ್ಬಣವನ್ನು ಅವಳ ಮುಂದಿಟ್ಟು, ಹಿರಿಯ ಅನ್ನುವುದನ್ನು ಮರೆತು ಕೈ ಮುಗಿದ. ಮತ್ತೆ ಸಾಲಿಗೆ ಬಾ ಅಂದ. ಊರವರೆಲ್ಲ ಬೇಲಿಯ ಹೊರಗೆ ನಿಂತಿದ್ದರು.

ಬಾಳವ್ವ ಮೊರ ಕೆಳಗಿಡದೆ ಹೇಳಿದಳಂತೆ.

"ನನ್ನ ಹೆಸರು ಹೋತ್ರಿ ಭಾವಾರ. ತಿರುಗಿ ಬರೂದಲ್ಲ ಅದು. ಇನ್ನ ಮುಂದ ಮಾಲು ಕಮ್ಮಿ ಬಂದ್ರ ಮತ್ತೊಬ್ಬರ ಹೆಸರು ಹಿಡೀಬ್ಯಾಡ್ರಿ. ಹೆಂಗೂ ಕೆಟ್ಟೈತಿ, ನಂದ ಹೇಳ್ರಿ."

ಆಮೇಲೆ ಅವಳು ದಬ್ಬಣ ಮುಟ್ಟಲಿಲ್ಲ. ಕಡಲಿಗೆ ಹೋಗಿ ಉಪ್ಪಾದಳು ಅನ್ನುವವರಿದ್ದಾರೆ. ಅದೆಲ್ಲ ನಂಬುವ ಮಾತಲ್ಲ. ಜೋಳ ಬೆಳೆದು, ಉಂಡು, ಮುಪ್ಪಾಗಿ ಸತ್ತಳು. ಅಷ್ಟು ದಿನವೂ ಹೇರಿನ ಸಾಲು ಮನೆಯ ಮುಂದೆ ಹಾದಾಗ ಹೊರಗೆ ಬಂದು ನೋಡಲಿಲ್ಲ.

ಈಗ ಆ ಘಟ್ಟದಲ್ಲಿ ಎತ್ತಿಲ್ಲ, ಲಾರಿ ಓಡುತ್ತವೆ. ಉಪ್ಪಷ್ಟೇ ಅಲ್ಲ, ಸಕ್ಕರೆ, ಸಿಮೆಂಟು, ಗೊಬ್ಬರ, ಏನೆಲ್ಲ ಬರುತ್ತದೆ. ಪೇಟೆಯಲ್ಲಿ ಮಾಲು ಇಳಿಸಿ ತೂಗಿದಾಗ ಸ್ವಲ್ಪ ಕಡಿಮೆ ಬಿದ್ದರೆ ಡ್ರೈವರನ್ನಾಗಲಿ ಹಮಾಲನನ್ನಾಗಲಿ ಯಾರೂ ಹಿಡಿದು ಕೇಳುವುದಿಲ್ಲ. ಚೀಲಕ್ಕೆ ಒಂದು ಬೊಗಸೆ ಬಿಟ್ಟುಬಿಡುತ್ತಾರೆ. ಅದಕ್ಕೆ ಬಾಳವ್ವನ ಬೊಗಸೆ ಅಂತ ಹೆಸರು. ಮಾಲಿನ ಯಜಮಾನನೇ ಮೊದಲು "ಬಾಳವ್ವ ತಗೊಂಡಾಳ" ಅನ್ನಬೇಕು. ಅಂದ ಮೇಲೆ ಆ ಮಾತು ಅಲ್ಲಿಗೆ ಮುಗಿಯಿತು. ಎಷ್ಟೋ ಬಡವರ ಮಾನ ಇದರಿಂದ ಉಳಿದಿದೆ, ಸುಳ್ಳಲ್ಲ. ಆದರೆ ನಿಜವಾಗಿ ಕದ್ದವನೂ ಅದೇ ಬೊಗಸೆಯ ಲೆಕ್ಕ ಹಿಡಿದು ಕದಿಯುತ್ತಾನೆ. ದಾರಿಯ ಢಾಬಾದಲ್ಲಿ ಚೀಲಕ್ಕೊಂದು ಬೊಗಸೆ ಇಳಿಸಿ, ಮೀಸೆಯಡಿ ನಗುತ್ತ, ಬಾಳವ್ವ ತಗೊಂಡಾಳ ಅನ್ನುತ್ತಾನೆ. ಒಂದು ಹರಳೂ ಮುಟ್ಟದ ಹೆಣ್ಣುಮಗಳ ತಲೆಗೆ ದಿನವೂ ಕಳವು ಕಟ್ಟುತ್ತಾರಲ್ಲ, ಕೇಳಿದರೆ ಹೊಟ್ಟೆ ಉರಿಯುತ್ತದೆ.

ಗುಡ್ಡಪ್ಪನ ಮನೆತನದವರು ಮಾತ್ರ ಆ ಮಾತು ಆಡುವುದಿಲ್ಲ. ಅವರದೂ ಈಗ ನಾಲ್ಕು ಲಾರಿ ಇವೆ. ಅವರ ಲಾರಿಯ ಮಾಲು ಕಡಿಮೆ ಬಿದ್ದರೆ, ಯಜಮಾನ ಬಾಳವ್ವನ ಹೆಸರು ಎತ್ತುವುದಕ್ಕೆ ಮುಂಚೆಯೇ ಅವರಲ್ಲಿ ಒಬ್ಬರು ತಕ್ಕಡಿಯ ಹತ್ತಿರ ಬಂದು ನಿಲ್ಲುತ್ತಾರೆ. ಉರಿಬಿಸಿಲಿಗೆ ಒಣಗಿದ್ದಿರಲಿ, ಚೀಲ ಹರಿದು ಸೋರಿದ್ದಿರಲಿ, ಯಾರೋ ಕದ್ದದ್ದಿರಲಿ, ಅವರು ಹೇಳುವುದು ಒಂದೇ.

"ಅಕಿ ತಗೊಂಡಿಲ್ರಿ. ನಾವು ತಗೊಂಡೇವಿ."