ಕೋಗಿಲೆ ಕೇಳಿದ ಮಾದರಿ

ಊರ ಹಕ್ಕಿಗಳಿಗೆ ಗೂಡು ಹೆಣೆದುಕೊಟ್ಟು ಬದುಕುವ ಗೀಜಗಕ್ಕೆ ಮಳೆಗಾಲಕ್ಕೆ ಮೊದಲು ಒಬ್ಬ ನಂಬಿಗಸ್ತ ಗಿರಾಕಿ ಬೇಕಿತ್ತು. ಗುಬ್ಬಿ ಬಂದು ಮುಂಗಡವೆಂದು ಕಾಳು ಇಟ್ಟಿತು.

"ಸಾದಾ ಗೂಡು ಸಾಕು, ಗೀಜಗಣ್ಣ."

"ಪುರುಸೊತ್ತಿಲ್ಲ. ಕೋಗಿಲೆ ಮಾದರಿ ಕೇಳಿದೆ. ನನ್ನ ಕೈಕೆಲಸ ಅಪೂರ್ವವಂತೆ."

"ಕೋಗಿಲೆ ಎಂದಾದರೂ ಗೂಡು ಕಟ್ಟಿಸಿದ್ದುಂಟೇ?"

"ಇಲ್ಲ. ಆದ್ದರಿಂದಲೇ ಅದಕ್ಕೆ ಅಗತ್ಯ ಹೆಚ್ಚು."

ಗುಬ್ಬಿ ಕಾಳು ಎತ್ತಿಕೊಂಡು ಹೋಯಿತು.

ಗೀಜಗ ಬಾಗಿಲನ್ನು ಮೇಲಿಟ್ಟು, ಕೆಳಗಿಟ್ಟು, ಮತ್ತೆ ಮೇಲಿಟ್ಟು ಮಾದರಿ ಹೆಣೆಯಿತು. ಪ್ರತಿಯೊಂದನ್ನೂ ಹೊಗಳಿದ ಕೋಗಿಲೆ ಕೊನೆಗೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟಿತು.

"ಅಲ್ಲಿ ಕಾವು ಕೊಡುವುದೂ ಸೇರಿದೆ, ನೋಡು."

ಅಷ್ಟರಲ್ಲಿ ಮಳೆ ಶುರುವಾಯಿತು. "ಹೋಗಲಿ ಕೋಗಿಲಕ್ಕ, ನಾಲ್ಕು ಕಡೆ ನನ್ನ ಹೆಸರನ್ನಾದರೂ ಹೇಳು."

"ಆಗಲೇ ಹೇಳಿದ್ದೇನೆ. ನಾಳೆ ನನ್ನ ನೆಂಟರೆಲ್ಲ ಮಾದರಿ ನೋಡಲು ಬರುತ್ತಾರೆ."

ಗೀಜಗ ಖುಷಿಯಿಂದ ಹುಲ್ಲು ತರಲು ಹಾರಿತು.